ಹೆಸರು ಹೇಳಿ ಕೊಡುವುದು, ಸಾಲಿನಲ್ಲಿ ಕೊಡುವುದು



ಕಳೆದ ಬೇಸಿಗೆಯಲ್ಲಿ ಮೊಮ್ಮಗಳು ಸಿದ್ದಾಪುರಕ್ಕೆ ಬಂದಿದ್ದಳು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವ ಅವಳು, ನನ್ನ ಹಳೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇರಿಸಿಕೊಂಡು ಭತ್ತದ ಇಳುವರಿಯ ಲೆಕ್ಕ ಮಾಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ದನಿ ಏರಿತು.

"ಅಜ್ಜಾ, ಇದಕ್ಕ ಸರಾಸರಿ ತೆಗಿಯಾಕ ಬರೂದಿಲ್ಲ ನೋಡ್ರಿ!"

ಹೋಗಿ ನೋಡಿದೆ. ಮೂರು ಹೊಲಗಳ ಇಳುವರಿ ಎಕರೆಗೆ 32, 35, 38 ಚೀಲ. ಸರಾಸರಿ 35 ಎಂದು ಯಾವ ಹುಡುಗನಾದರೂ ಬಾಯಲ್ಲೇ ಹೇಳಿಯಾನು. ಯಂತ್ರವು ಮಾತ್ರ 32 ಎಂದು ತೋರಿಸಿ ಸುಮ್ಮನೆ ಕುಳಿತಿತ್ತು.

"ಯಂತ್ರಕ್ಕ ಬರತೈತವ್ವಾ, ನೀ ಹೆಂಗ ಕೇಳಿದಿ ನೋಡು" ಎಂದೆ. ನಾಲ್ಕು ದಶಕ ಪಾಠ ಹೇಳಿದವನ ಬಾಯಿಂದ ತಾನಾಗಿ ಬರುವ ಮಾತು ಅದು. ಆದರೆ ಅಂದು ಅದೇ ನಿಜವಾಯಿತು.

ಅವಳು ಬಳಸುತ್ತಿದ್ದ ಭಾಷೆಯ ಹೆಸರು 'ಆರ್'. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು 1990ರ ದಶಕದ ಆರಂಭದಲ್ಲಿ ಸಂಖ್ಯಾಶಾಸ್ತ್ರದ ಕೆಲಸಕ್ಕೆಂದು ಇದನ್ನು ರೂಪಿಸಿದರು. ಸಂಖ್ಯಾಶಾಸ್ತ್ರವೆಂದರೆ ನಮ್ಮ ಸೀಮೆಗೆ ಸಂಬಂಧವಿಲ್ಲದ ವಿದ್ಯೆಯೆಂದು ಭಾವಿಸಬೇಡಿ. ಆ ಶಾಸ್ತ್ರದ ಮಹಾಪುರುಷ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ತುಂಗಭದ್ರೆಯ ಆಚೆ ದಂಡೆಯ ಸೀಮೆಯ ಹೂವಿನಹಡಗಲಿಯಲ್ಲಿ.

'ಆರ್' ಭಾಷೆಯಲ್ಲಿ ಸರಾಸರಿಗೆ 'ಮೀನ್' ಎಂಬ ಆಜ್ಞೆಯಿದೆ. ಮುಂದಿನ ಕಂಸದಲ್ಲಿ ಬೇಕಾದ ಸಾಮಗ್ರಿಯನ್ನು ಕೊಡಬೇಕು. ಆ ಕಂಸದೊಳಗೆ ಮೊದಲೇ ಗೊತ್ತುಮಾಡಿದ ಆಸನಗಳಿವೆ. ಮೊದಲನೆಯದು ಅಂಕಿಗಳ ಗುಂಪಿಗೆ. ಎರಡನೆಯದರ ಹೆಸರು 'ಟ್ರಿಮ್'. ಅತಿ ಹೆಚ್ಚು, ಅತಿ ಕಡಿಮೆ ಇರುವ ಅಂಕಿಗಳಲ್ಲಿ ಎಷ್ಟು ಪಾಲನ್ನು ಎರಡೂ ತುದಿಯಿಂದ ಕತ್ತರಿಸಬೇಕೆಂದು ತಿಳಿಸುವ ಜಾಗ. ಮೂರನೆಯದು, ಬಿಟ್ಟುಹೋದ ಅಂಕಿಗಳನ್ನು ಕೈಬಿಡಬೇಕೇ ಎಂಬ ಪ್ರಶ್ನೆಗೆ. ಮೊಮ್ಮಗಳು ಮೂರೂ ಅಂಕಿಗಳನ್ನು ಬರಿದೆ ಸಾಲಾಗಿ ಕೊಟ್ಟಿದ್ದಳು. 32 ಮೊದಲ ಆಸನದಲ್ಲಿ ಕುಳಿತಿತು, 35 ಕತ್ತರಿಯ ಜಾಗಕ್ಕೆ ಹೋಯಿತು, 38 ಮೂರನೆಯದಕ್ಕೆ. ಒಂದೇ ಅಂಕಿಯ ಸರಾಸರಿ ಆ ಅಂಕಿಯೇ ಅಲ್ಲವೇ? ಮೂರನ್ನೂ ಒಂದು ಗಂಟಿನಲ್ಲಿ ಕಟ್ಟಿ ಮೊದಲ ಆಸನಕ್ಕೆ ಕೊಡಬೇಕಿತ್ತು. ಹಾಗೆ ಕೊಟ್ಟಾಗ 35 ಬಂದಿತು. ಮೊತ್ತ ತೆಗೆಯುವ 'ಸಮ್' ಎಂಬ ಆಜ್ಞೆಗಾದರೆ ಸಾಲಾಗಿ ಕೊಟ್ಟರೂ ನಡೆಯುತ್ತದೆ, 105 ಎಂದು ಸರಿಯಾಗಿಯೇ ಹೇಳುತ್ತದೆ. ಅವಳು ದಾರಿ ತಪ್ಪಿದ್ದು ಇದೇ ರೂಢಿಯಿಂದ.

ಆಸನಗಳಿಗೆ ಹೆಸರುಗಳಿರುವುದರಿಂದ, ಸಾಲಿನ ಹಂಗಿಲ್ಲದೆ ಹೆಸರು ಹೇಳಿಯೂ ಕೊಡಬಹುದಂತೆ. 'ಸೀಕ್' ಎಂಬ ಇನ್ನೊಂದು ಆಜ್ಞೆಯಲ್ಲಿ ಇದನ್ನು ಅವಳೇ ತೋರಿಸಿದಳು. 1, 10, 4 ಎಂದು ಸಾಲಾಗಿ ಕೊಟ್ಟರೆ ಒಂದರಿಂದ ಹತ್ತರವರೆಗೆ ನಾಲ್ಕು ನಾಲ್ಕರ ಹೆಜ್ಜೆ ಹಾಕಿ 1, 5, 9 ಎನ್ನುತ್ತದೆ. ಅದೇ ನಾಲ್ಕಕ್ಕೆ 'ಒಟ್ಟು ಎಷ್ಟು ಅಂಕಿ ಬೇಕು' ಎಂಬ ಆಸನದ ಹೆಸರನ್ನು ಅಂಟಿಸಿದರೆ 1, 4, 7, 10 ಎನ್ನುತ್ತದೆ. ಅಂಕಿ ಅದೇ, ಹೆಸರಿನಿಂದ ಅರ್ಥ ಬೇರೆಯಾಯಿತು.

ಯಂತ್ರವು ಆಸನ ಹಂಚುವ ಕ್ರಮವೂ ಸೊಗಸಾಗಿದೆ. ಗಂಗಾವತಿಯಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸನ್ನು ನೆನೆಯಿರಿ. ಮುಂಗಡ ಟಿಕೆಟ್ ಉಳ್ಳವರು ಮೊದಲು ತಮ್ಮ ಸೀಟು ಹಿಡಿಯುತ್ತಾರೆ. ಉಳಿದವರು ಬಂದ ಸಾಲಿನಂತೆ ಖಾಲಿ ಸೀಟುಗಳನ್ನು ತುಂಬುತ್ತಾರೆ. ಇಲ್ಲಿಯೂ ಪೂರ್ಣ ಹೆಸರಿನವುಗಳಿಗೆ ಮೊದಲ ಆದ್ಯತೆ, ಬಳಿಕ ಮೊಟಕು ಹೆಸರಿನವು, ಕೊನೆಗೆ ಹೆಸರಿಲ್ಲದವು ಸಾಲಿನಂತೆ. ಮೊಟಕು ಹೆಸರಿನಲ್ಲಿ ಅಪಾಯವುಂಟು. ತರಗತಿಯಲ್ಲಿ ಬಸವರಾಜನೊಬ್ಬನೇ ಇದ್ದರೆ 'ಬಸು' ಎಂದು ಕರೆಯಬಹುದು. ಬಸವನಗೌಡನೂ ಇದ್ದರೆ ಇಬ್ಬರೂ ಎದ್ದು ನಿಲ್ಲುತ್ತಾರೆ. ಅಂಥ ಸಂದರ್ಭದಲ್ಲಿ ಯಂತ್ರವು ಯಾರೆಂದು ತಿಳಿಯದೆ ತಪ್ಪು ಸೂಚಿಸಿ ನಿಂತುಬಿಡುತ್ತದೆ.

ಕನ್ನಡ ವ್ಯಾಕರಣ ಕಲಿಸಿದವನಿಗೆ ಇದೇನೂ ಹೊಸದೆನಿಸಲಿಲ್ಲ. 'ಹುಲಿಯು ಹಸುವನ್ನು ಕಂಡಿತು' ಎನ್ನಿ, 'ಹಸುವನ್ನು ಹುಲಿಯು ಕಂಡಿತು' ಎನ್ನಿ, ಕಂಡದ್ದು ಹುಲಿಯೇ. 'ಅನ್ನು' ಎಂಬ ಪ್ರತ್ಯಯವು ಹಸುವಿನ ಕೊರಳಿಗೆ ಕಟ್ಟಿದ ಹೆಸರಿನ ಚೀಟಿ. ಅದು ವಾಕ್ಯದಲ್ಲಿ ಎಲ್ಲಿ ನಿಂತರೂ ಕರ್ಮವೇ. ಇಂಗ್ಲಿಷಿನಲ್ಲಿ ಹುಲಿ, ಹಸುಗಳ ಜಾಗ ಅದಲುಬದಲಾದರೆ ಹಸುವೇ ಹುಲಿಯನ್ನು ನೋಡತೊಡಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ವಿವರಿಸಿದ ವಿಭಕ್ತಿಗಳ ಉಪಕಾರವಿದು. ಹಾಗೆಂದು ನಾವು ಪ್ರತ್ಯಯವನ್ನು ಎಲ್ಲೆಡೆಯೂ ಹಚ್ಚುವುದಿಲ್ಲ. 'ಮಗು ಹಾಲು ಕುಡಿಯಿತು' ಎಂದರೆ ಸಾಕು, ಹಾಲು ಮಗುವನ್ನು ಕುಡಿಯಲಾರದು. ಮೊಮ್ಮಗಳ ಸಹಪಾಠಿಗಳೂ ಹಾಗೆಯೇ ಮಾಡುವರಂತೆ: ಅನುಮಾನಕ್ಕೆಡೆಯಿಲ್ಲದ ಮೊದಲ ಆಸನಕ್ಕೆ ಹೆಸರಿಲ್ಲದೆ ಕೊಟ್ಟು, ಉಳಿದವುಗಳಿಗೆ ಹೆಸರು ಹೇಳುವುದು.

ಇಷ್ಟನ್ನು ಹೇಳಿ ಮುಗಿಸಬಹುದಿತ್ತು. ಆದರೆ ಆ 32 ಎಂಬ ಉತ್ತರ ನನಗೆ ರಾತ್ರಿ ನಿದ್ದೆ ಕೊಡಲಿಲ್ಲ.

ಅದು 1986. ಕೊಪ್ಪಳ ಇನ್ನೂ ಜಿಲ್ಲೆಯಾಗಿರಲಿಲ್ಲ. ನಾವು ರಾಯಚೂರು ಜಿಲ್ಲೆಯವರು. ಆಗ ನಾನಿದ್ದ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಅರ್ಧವಾರ್ಷಿಕ ಅಂಕಗಳನ್ನು ನಾನು ಓದಿ ಹೇಳುತ್ತಿದ್ದೆ, ಹೊಸದಾಗಿ ಬಂದಿದ್ದ ಸಹೋದ್ಯೋಗಿಯೊಬ್ಬರು ಪ್ರಗತಿಪತ್ರದಲ್ಲಿ ಬರೆದುಕೊಳ್ಳುತ್ತಿದ್ದರು. ನನಗೆ ರೂಢಿಯಾಗಿದ್ದ ಸಾಲು: ಕನ್ನಡ, ಇಂಗ್ಲಿಷ್, ಹಿಂದಿ, ವಿಜ್ಞಾನ, ಗಣಿತ, ಸಮಾಜ. ವಿಷಯದ ಹೆಸರು ಹೇಳದೆ ಬರೀ ಅಂಕಿಗಳನ್ನು ಓದುತ್ತ ಹೋದೆ. ಆ ವರ್ಷ ಅಚ್ಚಾಗಿ ಬಂದಿದ್ದ ಪ್ರಗತಿಪತ್ರದಲ್ಲಿ ಗಣಿತ ಮೊದಲು, ವಿಜ್ಞಾನ ಆಮೇಲೆ ಇತ್ತು. ಅವರು ಕಾಲಂಗಳ ಪ್ರಕಾರ ಬರೆದರು, ಅವರದು ತಪ್ಪಲ್ಲ. ಕೊನೆಯಲ್ಲಿ ಒಟ್ಟು ಕೂಡಿಸಿ ತಾಳೆ ನೋಡಿದೆವು, ಸರಿಯಾಗಿತ್ತು. ಜಾಗ ಬದಲಾದರೆ ಮೊತ್ತ ಬದಲಾಗುವುದಿಲ್ಲವೆಂಬುದು ಗಣಿತದ ಮಾಸ್ತರನಾದ ನನಗೆ ಅಂದು ಹೊಳೆಯಲಿಲ್ಲ.

ಆ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಗಣಿತದಲ್ಲಿ 71. ಜ್ವರದಿಂದ ಸರಿಯಾಗಿ ಬರೆಯಲಾಗದೆ ವಿಜ್ಞಾನದಲ್ಲಿ 29. ಅವಳ ತಂದೆ ಎರಡೆಕರೆ ಕಾಲುವೆ ನೀರಿನ ಒಕ್ಕಲಿಗ, ಓದು ಬಾರದವರು. "ಲೆಕ್ಕಾ ಕಲೀಲಿರಿ ಸರ್, ದಲಾಲಿ ಅಂಗಡಿ ಚೀಟಿ ಓದಿ ಹೇಳಿದರ ನನಗಷ್ಟ ಸಾಕು" ಎಂದು ಅವಳನ್ನು ಹೈಸ್ಕೂಲಿಗೆ ಕಳಿಸಿದ್ದರು. ಪ್ರಗತಿಪತ್ರವನ್ನು ಯಾರೋ ಓದಿ, ಲೆಕ್ಕದಲ್ಲಿ 29 ಎಂದರು. ಎರಡನೆಯ ಬೆಳೆಯ ನಾಟಿ ಶುರುವಾಗಿತ್ತು. ಹುಡುಗಿ ಗದ್ದೆಗಿಳಿದಳು.

ಮೂರು ವಾರಗಳ ಮೇಲೆ ಇನ್ನೊಬ್ಬ ವಿದ್ಯಾರ್ಥಿಯ ಅಂಕಗಳಿಂದಾಗಿ ತಪ್ಪು ಬೆಳಕಿಗೆ ಬಂದಿತು. ಸೈಕಲ್ಲು ಹತ್ತಿ ಗದ್ದೆಗೇ ಹೋದೆ. ತಂದೆಯ ಮುಂದೆ ಕೈಮುಗಿದು ನಡೆದದ್ದನ್ನು ಹೇಳಿದೆ. ಅವರು ಬಯ್ಯಲಿಲ್ಲ, ನಾಟಿ ಮುಗಿಯಲಿ ಎಂದರು. ಹುಡುಗಿಯನ್ನು ಕೇಳಿದೆ: "ನಿನಗ ಗೊತ್ತಿತ್ತಲ್ಲವಾ, ಲೆಕ್ಕ ಛಲೋ ಬರದೀನಿ ಅಂತ? ಯಾಕ ಬಂದು ಕೇಳಲಿಲ್ಲ?"

ಮೊಣಕಾಲುದ್ದ ಕೆಸರಿನಲ್ಲಿ ನಿಂತೇ ಅವಳು ಹೇಳಿದಳು: "ನಂದ ತಪ್ಪಿರಬೇಕು ಅನಕೊಂಡೆರಿ ಸರ್."

ಅವಳು ಫೆಬ್ರುವರಿಯಲ್ಲಿ ಮರಳಿ ಬಂದಳು. ಹಿಂದೆ ಬಿದ್ದ ಪಾಠಗಳನ್ನು ತುಂಬಿಕೊಳ್ಳಲಾಗದೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕುಳಿತು, ಮುಂದೆ ಎಸ್ಸೆಸ್ಸೆಲ್ಸಿ ತೇರ್ಗಡೆಯಾದಳು. ಅವಳ ಬಾಳಿನ ಒಂದು ವರ್ಷವನ್ನು ನಾನು ತಪ್ಪು ಕಾಲಂನಲ್ಲಿ ಬರೆಸಿದ್ದೆ. ಮಳೆಯಿಲ್ಲದ ವರ್ಷಕ್ಕೂ ಕಾಯಿಲೆಗೂ ದೂರಲು ಬರುತ್ತದೆ. ಇದಕ್ಕೆ ನನ್ನ ಆತುರವನ್ನಲ್ಲದೆ ಬೇರೆ ಯಾರನ್ನೂ ದೂರಲು ಬರುವುದಿಲ್ಲ.

ಅಂದಿನಿಂದ ನಿವೃತ್ತಿಯಾಗುವವರೆಗೂ ನಾನು ಅಂಕ ಓದುವಾಗ "ಗಣಿತ, 71, ವಿಜ್ಞಾನ, 29" ಎಂದೇ ಓದಿದೆ. ನಿಧಾನವಾಗುತ್ತದೆಂದು ನಕ್ಕವರೂ ಉಂಟು. ನನ್ನ ಕೈಕೆಳಗೆ ಓದಿದವರು, "ಸರ್ ಯಾಕೆ ಹಾಗೆ ಎಳೆದೆಳೆದು ಓದುತ್ತಿದ್ದರು" ಎಂದು ಕೇಳಿದ್ದುಂಟು. ಇಂದು ಉತ್ತರ ಹೇಳಿದ್ದೇನೆ.

ಮೊಮ್ಮಗಳು ಊರಿಗೆ ಹೊರಡುವ ಮುನ್ನ ತಾನು ಬರೆದುದನ್ನೆಲ್ಲ ತೆರೆದು, ಆಸನದ ಹೆಸರಿಲ್ಲದ ಕಡೆಯಲ್ಲೆಲ್ಲ ಒಂದೊಂದಾಗಿ ಹೆಸರು ಸೇರಿಸಿದಳು. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಅವಳ ಅಂಕಿಗಳನ್ನು ನಂಬಿ ನಾಳೆ ಯಾರೋ ಒಬ್ಬ ರೈತ ಬಿತ್ತನೆಯ ತಳಿಯನ್ನು ಆರಿಸಿಕೊಳ್ಳಬಹುದು. ಅವನೂ ಬಂದು ಕೇಳಲಾರ.

ಆ ಹುಡುಗಿಯ ಹೆಸರನ್ನು ಮಾತ್ರ ಇಲ್ಲಿ ಬರೆದಿಲ್ಲ. ಓದುತ್ತಿದ್ದರೆ ಅವಳಿಗೆ ತಿಳಿಯುತ್ತದೆ. ತಪ್ಪು ನಿನ್ನದಾಗಿರಲಿಲ್ಲ ತಾಯಿ.