ಕಣ್ವದ ನೀರಿನಲ್ಲಿ ಒಂದು ಸಂಜೆ

ಕಳೆದ ಮಾಘಮಾಸದಲ್ಲಿ ಚನ್ನಪಟ್ಟಣದ ಬಂಧುಗಳ ಮನೆಗೆ ಹೋಗಿದ್ದಾಗ, ಮೊಮ್ಮಗಳೊಡನೆ ಕಣ್ವ ಜಲಾಶಯವನ್ನು ನೋಡಲು ಹೊರಟೆನು. 1946ರಲ್ಲಿ ನಿರ್ಮಿತವಾದ ಈ ಜಲಾಶಯವು ಮಹರ್ಷಿಯ ನಾಮವನ್ನು ಹೊತ್ತು ಗುಡ್ಡಗಳ ನಡುವೆ ಪ್ರಶಾಂತವಾಗಿ ಹರಡಿಕೊಂಡಿದೆ.

ಪರಿಚಿತ ಯುವಕನೊಬ್ಬನ ಯಂತ್ರದೋಣಿಯನ್ನೇರಿದೆವು. ದಡದಿಂದ ಬಹುದೂರ ಸಾಗಿದ ಮೇಲೆ ಯಂತ್ರವು ನಿಂತುಹೋಯಿತು. ಅವನು ಹಗ್ಗವನ್ನು ಎಳೆದೆಳೆದು ಬಸವಳಿದನು. ಅದು ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು. ದೋಣಿಯಲ್ಲಿ ಹುಟ್ಟು ಇರಲಿಲ್ಲ. ಹೊತ್ತು ಇಳಿಯುತ್ತಿತ್ತು; ಗಾಳಿಯು ನಮ್ಮನ್ನು ಬಂಡೆಗಳತ್ತ ತಳ್ಳುತ್ತಿತ್ತು. ಧೈರ್ಯ ಹೇಳಬೇಕಾದ ನನಗೇ ನಾಲಗೆ ಒಣಗಿತ್ತು.

ಆಗ ಮಗುವು, “ತಾತ, ಆ ಪೆಟ್ರೋಲ್ ಡಬ್ಬಿಯ ಹೊಟ್ಟೆ ಯಾಕೆ ಒಳಕ್ಕೆ ಹೋಗಿದೆ?” ಎಂದು ಕೇಳಿತು.

ಯುವಕನು ಹಣೆ ಚಚ್ಚಿಕೊಂಡನು. “ಮುಚ್ಚಳದ ಗಾಳಿತಿರುಪು ಬಿಚ್ಚೋದನ್ನೇ ಮರೆತೆ, ಮೇಷ್ಟ್ರೇ!”

ತಿರುಪನ್ನು ಸಡಿಲಿಸಿದೊಡನೆ ಗಾಳಿಯು ಬುಸ್ಸೆಂದು ಒಳನುಗ್ಗಿತು. ಪೆಟ್ರೋಲ್ ಹೊರಟಷ್ಟೂ ಗಾಳಿ ಒಳಬರಬೇಕು. ಇಲ್ಲದಿದ್ದರೆ ಡಬ್ಬಿ ತುಂಬಿದ್ದರೂ ಯಂತ್ರಕ್ಕೆ ಉಪವಾಸವೇ. ಕೊಳವೆಯ ನಡುವಿನ ರಬ್ಬರ್ ಉಂಡೆಯನ್ನು ಗಟ್ಟಿಯಾಗುವವರೆಗೆ ಅದುಮಿ ಹಗ್ಗವನ್ನೆಳೆದನು, ಯಂತ್ರವು ಗರ್ಜಿಸಿತು.

ಕಾರಣವಿಲ್ಲದೆ ಕಾರ್ಯವಿಲ್ಲವೆಂದು ಜೀವಮಾನವೆಲ್ಲ ಬೋಧಿಸಿದವನು ನಾನು. ಕಾರಣವನ್ನು ಕಂಡದ್ದು ಮಗು. ದಡ ಬಿಡುವ ಮುನ್ನ ಪೆಟ್ರೋಲ್, ಗಾಳಿತಿರುಪು, ಹುಟ್ಟು, ತೇಲುವ ಅಂಗಿ, ಈ ನಾಲ್ಕನ್ನೂ ನೋಡಿಕೊಳ್ಳುವುದು ಗೃಹಸ್ಥರಿಗೆ ಕ್ಷೇಮಕರವು.