ಸಂಬಳವಿಲ್ಲದವನ ಬಳ್ಳಾರಿ

ಬಳ್ಳಾರಿಯೆಂದೊಡನೆ ಬಿಸಿಲನ್ನು ನೆನೆಯುವವರೇ ಹೆಚ್ಚು. ಆದರೆ ಊರನ್ನು ಪ್ರವೇಶಿಸುವ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ಬಿಸಿಲಲ್ಲ, ಬಂಡೆ. ಒಂದು ಕಡೆ ಕೋಟೆಯನ್ನು ಹೊತ್ತ ಬಳ್ಳಾರಿ ಗುಡ್ಡ, ಇನ್ನೊಂದು ಕಡೆ ಕುಂಬಾರ ಗುಡ್ಡ. ಹನುಮಪ್ಪ ನಾಯಕನ ಈ ಕೋಟೆಯನ್ನು ಹೈದರಾಲಿ ಗೆದ್ದಮೇಲೆ ಫ್ರೆಂಚ್ ಎಂಜಿನಿಯರೊಬ್ಬನಿಂದ ಭದ್ರಪಡಿಸಿದನೆಂದೂ, ಎದುರಿನ ಕುಂಬಾರ ಗುಡ್ಡವೇ ಹೆಚ್ಚು ಎತ್ತರವೆಂಬುದು ಆಮೇಲೆ ತಿಳಿದು ಆ ಬಡಪಾಯಿಯನ್ನು ಗಲ್ಲಿಗೇರಿಸಿದನೆಂದೂ ಊರವರು ಕಥೆ ಹೇಳುತ್ತಾರೆ. ದಂತಕಥೆಯೇ ಇರಬಹುದು. ಆದರೂ ಕರೆದವರ ಕೆಲಸ ಮಾಡಿಕೊಟ್ಟು ಕೂಲಿಗಾಗಿ ಕಾಯುವ ನನ್ನಂಥವರಿಗೆ ಆ ಪರದೇಶಿ ದೂರದ ನೆಂಟನಂತೆ ಕಾಣುತ್ತಾನೆ. ನಮ್ಮ ಪುಣ್ಯ, ಈಗಿನ ಯಜಮಾನರು ಹಣವನ್ನಷ್ಟೇ ತಡೆಹಿಡಿಯುತ್ತಾರೆ.

ಭಾಷಾಂತರ ಮಾಡುವುದು, ಕರಡು ತಿದ್ದುವುದು, ಯಾರಿಗೋ ಬೇಕಾದ ಲೇಖನವನ್ನು ಅವರು ಕೇಳಿದ ಅಳತೆಗೆ ಬರೆದುಕೊಡುವುದು, ಇದು ನನ್ನ ವೃತ್ತಿ. ಹಾಜರಿ ಪುಸ್ತಕವಿಲ್ಲ, ಒಂದನೆಯ ತಾರೀಖೆಂಬ ಹಬ್ಬವೂ ಇಲ್ಲ. ಬೇಸಗೆಯಲ್ಲಿ ಬೆಳಗಿನ ಐದರಿಂದ ಹತ್ತರವರೆಗೆ ಮೇಜು. ಆಮೇಲೆ ಕಾದ ಚಾವಣಿಯ ಕೆಳಗೆ ಅಕ್ಷರಗಳೂ ಬೆವರುತ್ತವೆ. “ಹೇಗೂ ನೀವು ಮನೆಯಲ್ಲೇ ಇರುತ್ತೀರಲ್ಲ” ಎಂದು ನೆರೆಯವರು ತಮ್ಮ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುವ ಹೊಣೆಯನ್ನು ನನಗೊಪ್ಪಿಸಿ ಕಚೇರಿಗೆ ಹೋಗುತ್ತಾರೆ. ಆದರೆ ಈ ಊರಿನಲ್ಲಿ ನಾನು ಒಂಟಿಯಲ್ಲ. ಬಳ್ಳಾರಿಯ ಜೀನ್ಸ್ ಹೆಸರುವಾಸಿ. ಗಲ್ಲಿಗಲ್ಲಿಗಳಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳಿಸುತ್ತದೆ. ಒಬ್ಬನದು ಜೇಬು, ಇನ್ನೊಬ್ಬಳದು ಗುಂಡಿ, ಲೆಕ್ಕವೆಲ್ಲ ತುಣುಕಿಗಿಷ್ಟು ಎಂದು. ನನ್ನದು ಪುಟಕ್ಕಿಷ್ಟು.

ಹೊಟ್ಟೆಯ ಕೆಲಸ ಬೇರೆ, ಮನಸ್ಸಿನ ಕೆಲಸ ಬೇರೆ ಎಂಬುದನ್ನು ಬಾಳಿ ತೋರಿಸಿದ ಮಹನೀಯರೊಬ್ಬರು ಇದೇ ಊರಿನಲ್ಲಿದ್ದರು. ಬಳ್ಳಾರಿ ರಾಘವರು (1880–1946) ವೃತ್ತಿಯಿಂದ ವಕೀಲರು. ಹಗಲು ನ್ಯಾಯಾಲಯದ ವಾದ, ಇರುಳು ರಂಗಭೂಮಿ. ನಟನೆಯನ್ನು ಅವರು ಜೀವನೋಪಾಯವಾಗಿಸಿಕೊಳ್ಳಲಿಲ್ಲ. ಅವರ ಹೆಸರಿನ ಕಲಾಮಂದಿರದ ಮುಂದೆ ಹಾದುಹೋಗುವಾಗಲೆಲ್ಲ, ಹವ್ಯಾಸವೆಂಬುದು ಬಿಡುವಿನ ಆಟವೆಂದು ಹೇಳುವವರ ಮಾತು ನನಗೆ ಹುಸಿಯೆನಿಸುತ್ತದೆ.

ನನ್ನ ಹವ್ಯಾಸ ಬಡವನಿಗೆ ತಕ್ಕದ್ದು: ಗುಡ್ಡ ಹತ್ತುವುದು. ಕಳೆದ ವರ್ಷ ಆರು ತಿಂಗಳು ಕುಳಿತು ದೊಡ್ಡದೊಂದು ಗ್ರಂಥವನ್ನು ಭಾಷಾಂತರಿಸಿದ್ದೆ. ಕೊನೆಯ ಅಧ್ಯಾಯ ಒಪ್ಪಿಸುವ ಹೊತ್ತಿಗೆ ‘ಯೋಜನೆಯನ್ನು ಕೈಬಿಡಲಾಗಿದೆ’ ಎಂಬ ಎರಡು ಸಾಲಿನ ಪತ್ರ ಬಂದಿತು. ಮಗಳ ಕಾಲೇಜಿನ ಶುಲ್ಕವನ್ನು ಆ ಹಣದ ಮೇಲೆಯೇ ಎಣಿಸಿಟ್ಟಿದ್ದೆವು. ಹೆಂಡತಿ ಒಂದೂ ಮಾತಾಡದೆ ಬಳೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಮರುದಿನ ಬೆಳಗ್ಗೆ ನಾನು ಊರ ಹೊರಗಿನ ಸಂಗನಕಲ್ಲಿನ ಹಾದಿ ಹಿಡಿದೆ.

ಅಲ್ಲಿನ ಬೆಟ್ಟಗಳ ಮೇಲಿನ ನವಶಿಲಾಯುಗದ ನೆಲೆಯನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಗುರುತಿಸಿದರು. ಅದು ಕಲ್ಲುಕೊಡಲಿಗಳ ದೊಡ್ಡ ಕಾರ್ಖಾನೆ. ಕೊಡಲಿಗಿಂತ ಹೆಚ್ಚಾಗಿ ಸಿಕ್ಕುವುದು ಚಕ್ಕೆಗಳು ಮತ್ತು ಅರೆಬರೆ ಮಾಡಿ ಬಿಟ್ಟ ತುಂಡುಗಳು. ಎಷ್ಟೋ ಹೊತ್ತು ತಟ್ಟಿದ ಕಲ್ಲು ಕೊನೆಯ ಪೆಟ್ಟಿಗೆ ಎರಡಾದಾಗ ಆ ಶಿಲ್ಪಿ ಏನೆಂದುಕೊಂಡನೋ! ಪಕ್ಕದಲ್ಲೇ ಕಪ್ಪು ಬಂಡೆಗಳ ಮೇಲೆ ಅವರು ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ಗೂಳಿಗಳಿವೆ. ಬಡಿದರೆ ಗಂಟೆಯಂತೆ ನಾದಗೈಯುವ ಬಂಡೆಗಳೂ ಇವೆ. ಯಾವ ಗಿರಾಕಿಯೂ ಆ ಗೂಳಿಯನ್ನು ಕೇಳಿರಲಾರನು.

ಮುಂದಿನ ವಾರ ಕುರುಗೋಡಿಗೆ ಹೋದೆ. ಕಲ್ಯಾಣದ ಚಾಲುಕ್ಯರ ಸಾಮಂತರಾದ ಸಿಂದರು ಆಳಿದ ಊರು. ಸುತ್ತಲೂ ಬಂಡೆಯ ಬೆಟ್ಟ, ಹಳೆಯ ಕೋಟೆ, ಗುಡಿಗಳು. ಸಾಮಾನ್ಯವಾಗಿ ನಂದಿಯೆಂದರೆ ಶಿವನೆದುರು ಕಾಯುತ್ತ ಕುಳಿತವನು. ಇಲ್ಲಿ ಏಕಶಿಲೆಯ ಬೃಹತ್ ನಂದಿಯೇ ದೊಡ್ಡಬಸವೇಶ್ವರನಾಗಿ ಪೂಜೆಗೊಳ್ಳುತ್ತಾನೆ. ಹೊರಗೆ ಕಣದಲ್ಲಿ ಮೆಣಸಿನಕಾಯಿ ಕೆಂಪು ಜಮಖಾನದಂತೆ ಹರಡಿತ್ತು. ಕಾವಲಿದ್ದ ರೈತನನ್ನು ಬೆಲೆ ಕೇಳಿದೆ. “ಬ್ಯಾಡಗಿ ಪ್ಯಾಟಿಗೆ ಹೋದ ಮ್ಯಾಲೆ ಅವರು ಹೇಳ್ತಾರ್ರೀ” ಎಂದನು. ಅವನಿಗೂ ಒಂದನೆಯ ತಾರೀಖಿಲ್ಲ.

ಸಿರುಗುಪ್ಪದ ಕಡೆ ಬಂದರೆ ಬಣ್ಣವೇ ಬದಲಾಗುತ್ತದೆ. ವಿಜಯನಗರದ ಕಾಲದ ಕಾಲುವೆಯ ಜೊತೆಗೆ ಅಣೆಕಟ್ಟಿನ ನೀರೂ ಸೇರಿ, ಕಣ್ಣು ಹರಿದಷ್ಟು ದೂರ ಭತ್ತ. ನಾಟಿ ಮಾಡುವ ಹೆಂಗಸರದ್ದೂ ಎಕರೆಗಿಷ್ಟೆಂಬ ಗುತ್ತಿಗೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ತುಂಬಿದ್ದ ಜಲಾಶಯ ಬರಿದಾಗತೊಡಗಿತು. ವಾರದೊಳಗೆ ತಾತ್ಕಾಲಿಕ ತಡೆ ಇಳಿಸಿದರು. ಆಮೇಲೆ ಮಳೆಯಾಗಿ ಜಲಾಶಯ ಮತ್ತೆ ತುಂಬಿತು. ಆ ವಾರ ಏನು ಮಾಡಿದಿರೆಂದು ಬದುವಿನ ಮೇಲೆ ಕುಳಿತಿದ್ದ ಮುದುಕಿಯನ್ನು ಕೇಳಿದೆ. “ಏನ್ ಮಾಡೋದಪ್ಪಾ, ಹಚ್ಚಿದ ಸಸಿಯೊಳಗಿನ ಕಳೆ ಕಿತ್ತಿವಿ” ಎಂದಳು.

ಬಳೆಗಳು ಇನ್ನೂ ಬಿಡಿಸಿಕೊಂಡು ಬಂದಿಲ್ಲ. ಭಾಷಾಂತರದ ಹಸ್ತಪ್ರತಿ ಬೇರೊಬ್ಬ ಪ್ರಕಾಶಕರ ಬಳಿಯಿದೆ, ಉತ್ತರ ಬರಬೇಕು. ಈ ನಡುವೆ ಬೆಳಗಿನ ಐದಕ್ಕೆ ಇನ್ನೊಬ್ಬರ ಕರಡು ತಿದ್ದುತ್ತಿದ್ದೇನೆ. ಭಾನುವಾರ ಮಗಳೂ ಸಂಗನಕಲ್ಲಿಗೆ ಬರುತ್ತಾಳಂತೆ. ಅವಳಿಗೆ ನಾದದ ಕಲ್ಲನ್ನು ಕೇಳಬೇಕಾಗಿದೆ.