ಬೇಸ್‌ಬಾಲ್ ಪಟ್ಟಿಯೂ ನಮ್ಮ ಜ್ಯೇಷ್ಠತಾ ಪಟ್ಟಿಯೂ



ಸೆಪ್ಟೆಂಬರ್ ಕೊನೆ ವಾರ ಬಂತು ಅಂದ್ರೆ ಅಮೆರಿಕದಲ್ಲಿ ಬೇಸ್‌ಬಾಲ್ ಲೀಗ್ ಪಂದ್ಯಗಳು ಮುಗಿಯೋ ಹೊತ್ತು. ಯಾವ ತಂಡ ಪ್ಲೇಆಫ್‌ಗೆ ಹೋಗುತ್ತೆ, ಯಾರಿಗೆ ಯಾರು ಎದುರಾಳಿ ಅಂತ ಅಲ್ಲಿನ ಜನ ಲೆಕ್ಕ ಹಾಕ್ತಾ ಕೂತಿರ್ತಾರೆ. ಇಲ್ಲಿ ನಾನೂ ಹಾಕ್ತೀನಿ. ಅಲ್ಲಿನ ರಾತ್ರಿ ಆಟ ನಮಗೆ ಬೆಳಗಿನ ಜಾವ. ಆಫೀಸಿನ ಬಸ್ಸಲ್ಲಿ ಮೊಬೈಲ್ ತೆಗೆದು ಸ್ಕೋರ್ ನೋಡೋದು, ಚೀಟಿಯಲ್ಲಿ ಪಟ್ಟಿ ತಿದ್ದೋದು. "ಚಳವಳಿಯವರಿಗೆ ಆ ಆಟ ಯಾಕ್ರೀ?" ಅಂತ ಸಂಗಾತಿಗಳು ನಗ್ತಾರೆ. ಯಾಕೆ ಅಂತ ಇವತ್ತು ಬರೀತೀನಿ.

ನನ್ನನ್ನ ಈ ಆಟಕ್ಕೆ ಎಳೆದದ್ದು 42 ಅನ್ನೋ ಸಂಖ್ಯೆ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿದರು. ಆರು ದಶಕ ಕರಿಯರನ್ನ ಹೊರಗಿಟ್ಟಿದ್ದ ಬಾಗಿಲು ಅವತ್ತು ತೆರೀತು. ಈಗ ಪ್ರತಿ ವರ್ಷ ಆ ದಿನ ಎಲ್ಲಾ ತಂಡದ ಎಲ್ಲಾ ಆಟಗಾರರೂ 42ನೇ ನಂಬರಿನ ಅಂಗಿ ಹಾಕ್ತಾರೆ. ನಾವು ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಜಯಂತಿ ಮಾಡ್ತೀವಿ, ಮಾರನೇ ದಿನ ಅವರದ್ದು. 1913ರಿಂದ 16ರವರೆಗೆ ಬಾಬಾಸಾಹೇಬರು ನ್ಯೂಯಾರ್ಕಿನಲ್ಲಿ ಓದುವಾಗ ಅದೇ ಊರಿನ ದೊಡ್ಡ ತಂಡಗಳಲ್ಲಿ ಒಬ್ಬ ಕರಿಯ ಆಟಗಾರನೂ ಇರಲಿಲ್ಲ. ಇದು ತಿಳಿದ ಮೇಲೆ ಆ ಆಟ ನನಗೆ ದೂರದ್ದು ಅನ್ನಿಸಲೇ ಇಲ್ಲ.

ಇನ್ನು ಲೆಕ್ಕದ ವಿಷಯ. ಒಟ್ಟು 30 ತಂಡ, ಎರಡು ಲೀಗ್. ಒಂದೊಂದು ಲೀಗಲ್ಲಿ 15 ತಂಡ, ಐದೈದರಂತೆ ಮೂರು ವಿಭಾಗ. ಪ್ರತಿ ತಂಡಕ್ಕೂ 162 ಪಂದ್ಯ. ಒಂದು ಲೀಗಿನಿಂದ ಪ್ಲೇಆಫ್‌ಗೆ ಆರು ತಂಡ: ವಿಭಾಗ ಗೆದ್ದ ಮೂರು, ಉಳಿದವರಲ್ಲಿ ಹೆಚ್ಚು ಗೆದ್ದ ಮೂರು. ಮೊದಲ ಎರಡು ತಂಡಕ್ಕೆ ನಮ್ಮ ಕಬಡ್ಡಿ ಟೂರ್ನಿಯಲ್ಲಿ ಸಿಗುತ್ತಲ್ಲ, ಹಾಗೆ ಬೈ. 3ನೆಯದಕ್ಕೆ 6ನೆಯದು, 4ನೆಯದಕ್ಕೆ 5ನೆಯದು ಎದುರು. ಮೂರರಲ್ಲಿ ಎರಡು ಗೆದ್ದೋರು ಮುಂದಕ್ಕೆ, ಪಂದ್ಯವೆಲ್ಲಾ ಮೇಲಿನ ಸ್ಥಾನದವರ ಊರಲ್ಲೇ. ಆಮೇಲೆ 4-5ರಲ್ಲಿ ಗೆದ್ದವರಿಗೆ ಮೊದಲ ತಂಡ ಕಾದಿರುತ್ತೆ, 3-6ರಲ್ಲಿ ಗೆದ್ದವರಿಗೆ ಎರಡನೇ ತಂಡ. ಇಷ್ಟು ಗೊತ್ತಿದ್ರೆ ಯಾರಿಗೆ ಯಾರು ಅಂತ ನೀವೇ ಬರೆದುಕೊಳ್ಳಬಹುದು.

ಈಗ ನೋಡಿ ಮಜಾ. 2023ರಲ್ಲಿ ಮಿನ್ನೆಸೋಟ ಗೆದ್ದದ್ದು 87 ಪಂದ್ಯ, ಟ್ಯಾಂಪಾ ಬೇ ಗೆದ್ದದ್ದು 99. ಆದ್ರೆ ಪಟ್ಟಿಯಲ್ಲಿ ಮಿನ್ನೆಸೋಟ 3ನೇ ಸ್ಥಾನ, ಟ್ಯಾಂಪಾ ಬೇ 4ನೇ ಸ್ಥಾನ. ಯಾಕೆ? ಮಿನ್ನೆಸೋಟ ತನ್ನ ವಿಭಾಗ ಗೆದ್ದಿತ್ತು. 2025ರಲ್ಲಿ 87 ಗೆದ್ದ ಹ್ಯೂಸ್ಟನ್ ಮನೆಗೆ ಹೋಯ್ತು, ಇನ್ನೊಂದು ಲೀಗಲ್ಲಿ 83 ಗೆದ್ದ ಸಿನ್ಸಿನಾಟಿ ಪ್ಲೇಆಫ್‌ಗೆ ಹೋಯ್ತು. ಇದಕ್ಕೆ ಅಲ್ಲಿ ಯಾರೂ "ಮೆರಿಟ್ ಸತ್ತುಹೋಯ್ತು" ಅಂತ ಎದೆ ಬಡಕೊಳ್ಳಲಿಲ್ಲ. ವರ್ಷ ಪೂರ್ತಿ ಕೊನೇ ಸಾಲಲ್ಲಿದ್ದ ತಂಡಗಳಿಗೆ ಹೊಸ ಹುಡುಗರನ್ನ ಮೊದಲು ಆರಿಸಿಕೊಳ್ಳೋ ಅವಕಾಶ ಕೊಡೋ ಪದ್ಧತಿ 1965ರಿಂದ ಇದೆ. ಈಗ ಮೇಲಿನ ಆರು ಆಯ್ಕೆಗೆ ಲಾಟರಿ ಎತ್ತುತ್ತಾರೆ, ಅದರಲ್ಲೂ ಹೆಚ್ಚು ಸೋತವರಿಗೇ ಹೆಚ್ಚು ಅವಕಾಶ. ಆಟ ಎಲ್ಲರದ್ದೂ ಆಗಿ ಉಳೀಬೇಕಾದ್ರೆ ಹೀಗೆ ಮಾಡಬೇಕು ಅಂತ ಬಂಡವಾಳಶಾಹಿ ಮಾಲೀಕರಿಗೇ ಅರ್ಥ ಆಗಿದೆ!

ತಂಡದ ವಿಭಾಗ ಬೇರೆ, ನಮ್ಮ ಮೀಸಲಾತಿ ಬೇರೆ. ಅದು ನಕ್ಷೆ ನೋಡಿ ಮಾಡಿದ್ದು, ಇದು ಸಾವಿರಾರು ವರ್ಷದ ಅನ್ಯಾಯಕ್ಕೆ ಕೊಟ್ಟ ಉತ್ತರ. ನಾನು ಹೇಳೋದು ಇಷ್ಟೇ: ಬರೀ ಅಂಕಿ ಇಳಿಕೆ ಕ್ರಮದಲ್ಲಿ ಬರೆದರೆ ಅದೇ ನ್ಯಾಯ ಅನ್ನೋದು ಪ್ರಕೃತಿ ನಿಯಮ ಅಲ್ಲ. ಪಟ್ಟಿ ಹೇಗೆ ಮಾಡಬೇಕು ಅಂತ ತೀರ್ಮಾನಿಸೋರು ಮನುಷ್ಯರು.

ಅಂಕಿಯನ್ನೇ ನಂಬೋರಿಗೆ ಇನ್ನೊಂದು ಮಾತು. 2024ರಲ್ಲಿ ಚಿಕಾಗೋ ವೈಟ್ ಸಾಕ್ಸ್ 121 ಪಂದ್ಯ ಸೋತು ಕೆಟ್ಟ ದಾಖಲೆ ಬರೀತು. ಆ ತಂಡವೂ 41 ಪಂದ್ಯ ಗೆದ್ದಿದೆ. 2022ರಲ್ಲಿ ಡಾಡ್ಜರ್ಸ್ 111 ಗೆದ್ದು ಬಂದು, 89 ಗೆದ್ದಿದ್ದ ಸ್ಯಾನ್ ಡಿಯಾಗೋ ಕೈಲಿ ಐದು ಪಂದ್ಯದ ಸರಣಿಯಲ್ಲಿ ಸೋತು ಹೋಯ್ತು. 2023ರಲ್ಲಿ 84 ಗೆದ್ದ ಅರಿಜೋನಾ ವರ್ಲ್ಡ್ ಸೀರೀಸ್ ಫೈನಲ್ ತಲುಪಿತು. 162 ಪಂದ್ಯದಲ್ಲಿ ಕಾಣೋ ಶಕ್ತಿ ಮೂರು ಪಂದ್ಯದಲ್ಲಿ ಕಾಣಲ್ಲ. ಇಪ್ಪತ್ತು ವರ್ಷ ಕಡತ ಹೊತ್ತವರ ಯೋಗ್ಯತೆ ಹತ್ತು ನಿಮಿಷದ ಸಂದರ್ಶನದಲ್ಲಿ ಕಂಡುಬಿಡುತ್ತಾ? ನೀವೇ ಹೇಳಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸಮಬಲದ ನಿಯಮ. ಮೊದಲೆಲ್ಲ ಇಬ್ಬರು ಸಮ ಆದ್ರೆ 163ನೇ ಪಂದ್ಯ ಆಡಿಸ್ತಿದ್ರು. 2022ರಿಂದ ಅದು ಇಲ್ಲ, ಪರಸ್ಪರ ಆಡಿದ ಪಂದ್ಯಗಳಲ್ಲಿ ಯಾರು ಹೆಚ್ಚು ಗೆದ್ದಿದ್ದಾರೋ ಅವರು ಮೇಲೆ. 2024ರಲ್ಲಿ ಚಂಡಮಾರುತದಿಂದ ನಿಂತಿದ್ದ ಪಂದ್ಯಗಳನ್ನ ನ್ಯೂಯಾರ್ಕ್ ಮೆಟ್ಸ್ ಮತ್ತು ಅಟ್ಲಾಂಟಾ ಸೆಪ್ಟೆಂಬರ್ 30ಕ್ಕೆ ಒಂದೇ ದಿನ ಎರಡು ಆಡಿದವು. ಒಂದು ಇವರು ಗೆದ್ದರು, ಒಂದು ಅವರು. ಅರಿಜೋನಾ ಸೇರಿ ಮೂರೂ ತಂಡ ತಲಾ 89. ಅರಿಜೋನಾ ಅವತ್ತು ಆಡದೇನೇ ಹೊರಗೆ ಬಿತ್ತು. ನೋವೇ. ಆದ್ರೆ ನಿಯಮ ಮೊದಲ ಪಂದ್ಯಕ್ಕೂ ಮುಂಚೆ ಬರೆದಿಟ್ಟಿತ್ತು, ಎಲ್ಲರಿಗೂ ಗೊತ್ತಿತ್ತು.

ನಮ್ಮ ಕಡೆ? ನಾನು ಗುಮಾಸ್ತ, ಜ್ಯೇಷ್ಠತಾ ಪಟ್ಟಿ ಅಂದ್ರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕರ್ನಾಟಕದಲ್ಲಿ 1978ರಿಂದ ಬಡ್ತಿಯಲ್ಲಿ ಮೀಸಲಾತಿ ಇದೆ. ಬಡ್ತಿ ಜೊತೆ ಬರೋ ಜ್ಯೇಷ್ಠತೆಯನ್ನ ಕಾಪಾಡೋ 2002ರ ಕಾಯ್ದೆಯ ಮುಖ್ಯ ಅಂಶಗಳನ್ನ 2017ರ ಫೆಬ್ರವರಿಯಲ್ಲಿ ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಪಟ್ಟಿಗಳು ತಲೆಕೆಳಗಾದವು. ಬೀದಿಗಿಳಿದ್ವಿ, ಸರ್ಕಾರ ಹೊಸ ಕಾಯ್ದೆ ತಂತು, 2019ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಅದನ್ನ ಎತ್ತಿ ಹಿಡೀತು. ಆ ಎರಡು ವರ್ಷ ನಮ್ಮೋರು ಕೆಲಸ ಮಾಡ್ತಾ ಮಾಡ್ತಾ, ನಾಳೆ ನಾನು ಯಾವ ಕುರ್ಚಿಯಲ್ಲಿ ಇರ್ತೀನಿ ಅಂತ ಗೊತ್ತಿಲ್ಲದೆ ಬದುಕಿದ್ರು. ಇನ್ನೇನು ನಿವೃತ್ತಿ ಅನ್ನೋ ಹಿರಿಯರೊಬ್ಬರು ಆಗ ನನಗೆ ಹೇಳಿದ ಮಾತು: "ನೋಡವ್ವಾ, ನಾವು ಆಡಿ ಮುಗಿಸಿದ್ಮೇಲೆ ಗೆರೆ ಅಳಿಸಿ ಬೇರೆ ಗೆರೆ ಎಳೀತಾರೆ." ಪಕ್ಕದ ಮೇಜಿನವರು ಅದೇ ಹೊತ್ತಲ್ಲಿ ಸ್ವೀಟ್ ಹಂಚ್ತಾ ಇದ್ರು.

ಕೊನೆಯದಾಗಿ, ಪಟ್ಟಿಯೊಳಗೆ ಯಾರಿದ್ದಾರೆ ಅನ್ನೋ ಪ್ರಶ್ನೆ. ಜಾಶ್ ಗಿಬ್ಸನ್ ಅಂತ ಒಬ್ಬ ಕರಿಯ ಆಟಗಾರ. ಕರಿಯರೇ ಕಟ್ಟಿಕೊಂಡಿದ್ದ ನೀಗ್ರೋ ಲೀಗ್‌ಗಳಲ್ಲೇ ಆಡಿದ, ದೊಡ್ಡ ಲೀಗ್ ಒಳಗೆ ಬಿಡಲಿಲ್ಲ. ರಾಬಿನ್ಸನ್ ಒಳಗೆ ಬರೋ ಮೂರು ತಿಂಗಳ ಮುಂಚೆ, 35ನೇ ವಯಸ್ಸಿಗೆ ತೀರಿಹೋದ. 2024ರ ಮೇ ತಿಂಗಳಲ್ಲಿ ಆ ಲೀಗ್‌ಗಳ ಅಂಕಿಗಳನ್ನ ಮುಖ್ಯ ದಾಖಲೆಗೆ ಸೇರಿಸಿದರು. ಸೇರಿಸಿದ ತಕ್ಷಣ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್‌ನ .367 ಕೆಳಗಿಳಿದು ಗಿಬ್ಸನ್‌ನ .372 ಮೇಲೇರಿತು. ಸತ್ತು 77 ವರ್ಷ ಆದ ಮೇಲೆ! ನಮ್ಮಲ್ಲೂ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಇದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರಿಗೆ ಹಿಂದೂ ತಂಡದ ನಾಯಕತ್ವ ಕೊಡಲಿಲ್ಲ. ಚಹಾ ಕೊಡುವಾಗಲೂ ಬೇರೆ ಲೋಟ.

ಅರ್ಧ ಜನರನ್ನ ಹೊರಗಿಟ್ಟು ಬರೆದ ಪಟ್ಟಿಯಲ್ಲಿ ಮೇಲಿರೋದು ಮೆರಿಟ್ ಅಲ್ಲ, ಖಾಲಿ ಮೈದಾನದಲ್ಲಿ ಸಿಕ್ಕ ಗೆಲುವು.

ಹಾಗಾಗಿ ಗೆಳೆಯರೇ, ಮುಂದಿನ ಸಲ ಆಫೀಸಲ್ಲೋ ಹೋಟೆಲಲ್ಲೋ ಯಾರಾದ್ರೂ ಮೆರಿಟ್ ಅಂದ್ರೆ ಜಗಳಕ್ಕೆ ನಿಲ್ಲಬೇಡಿ. ಮೂರೇ ಪ್ರಶ್ನೆ ಕೇಳಿ. ಪಟ್ಟಿಯ ನಿಯಮ ಬರೆದೋರು ಯಾರು? ಆಟಕ್ಕೆ ಮುಂಚೆ ಬರೆದ್ರಾ, ಆಮೇಲಾ? ಆಡೋಕೆ ಯಾರನ್ನ ಬಿಟ್ಟಿರಲಿಲ್ಲ?

ಉತ್ತರ ಅವರೇ ಹುಡುಕಲಿ.

ಜೈ ಭೀಮ್.